ಅಂದಾಜು ಐವತ್ತು

ಸೀತೂರಿನ ಪರಮಶಿವಯ್ಯನಿಗೆ ತನ್ನ ಓಮ್ನಿಯ ಕುಲಗೋತ್ರ ಗೊತ್ತಾದದ್ದು ಅದನ್ನು ಮನೆಗೆ ತಂದು ಇಪ್ಪತ್ತೊಂದು ವರ್ಷವಾದ ಮೇಲೆ. ಅಲ್ಲಿಯವರೆಗೆ ಅದು ಅವನ ಪಾಲಿಗೆ ಒಂದು ಬಾಡಿಗೆ ಗಾಡಿ, ಅಷ್ಟೆ. ಬೆಳಿಗ್ಗೆ ನರಸಿಂಹರಾಜಪುರಕ್ಕೆ ಹೋಗುವವರನ್ನು, ಕೊಪ್ಪದ ಆಫೀಸುಗಳಿಗೆ ಅಲೆಯುವವರನ್ನು, ಬಾಳಗಡಿ ಕಾಲೇಜಿನ ಮಕ್ಕಳನ್ನು ತುಂಬಿಕೊಂಡು ಹೋಗುತ್ತಿತ್ತು. ಸಂಜೆ ಅವರನ್ನೇ ತಂದು ಇಳಿಸುತ್ತಿತ್ತು. ಸೀಟಿನ ಅಡಿಯಲ್ಲಿ ಎಂಜಿನ್ ಇಟ್ಟಿರುವುದು ಚಳಿಗಾಲದಲ್ಲಿ ಕೂತವರಿಗೆ ಬೆಚ್ಚಗಿರಲಿ ಎಂದು ಅವನು ಪ್ರಾಮಾಣಿಕವಾಗಿ ನಂಬಿದ್ದ.

ಒಂದು ಭಾನುವಾರ ಮಗಳು ಶಿವಾನಿ ಜಗಲಿಯಲ್ಲಿ ಕೂತು ಮೊಬೈಲಿನಲ್ಲಿ ಒಂದು ವಿಡಿಯೋ ನೋಡುತ್ತಿದ್ದಳು. ಅದರಲ್ಲಿ ಕನ್ನಡಕದ ಯುವಕನೊಬ್ಬ ಬಿಳಿ ಹಲಗೆಯ ಮುಂದೆ ನಿಂತು, ಓಟದ ಕಾರುಗಳು ತಿರುವಿನಲ್ಲಿ ಯಾಕೆ ಹಾಗೆ ತಿರುಗುತ್ತವೆ ಎಂದು ಪಾಠ ಮಾಡುತ್ತಿದ್ದ. ಎಂಜಿನ್ ಮೂತಿಯಲ್ಲಿದ್ದರೆ ಸ್ಟೇರಿಂಗ್ ತಿರುಗಿಸಿದರೂ ಮೂತಿ ನೆಟ್ಟಗೆ ಹೋಗುತ್ತೇನೆಂದು ಹಟ ಮಾಡುತ್ತದಂತೆ. ಎಂಜಿನ್ ಬಾಲದಲ್ಲಿದ್ದರೆ ಬಾಲವೇ ಹೊರಗೆ ಬೀಸಿ ಮುಂದೆ ಬರಲು ನೋಡುತ್ತದಂತೆ. ಅದಕ್ಕೇ ಭಾರೀ ವೇಗದ ಕಾರುಗಳಲ್ಲಿ ಎಂಜಿನ್ನನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇಡುತ್ತಾರಂತೆ. ಆದಷ್ಟು ಕೆಳಗೆ ಇಡುತ್ತಾರಂತೆ, ಕೆಲವರು ಅದನ್ನು ಮಲಗಿಸಿಯೇ ಬಿಡುತ್ತಾರಂತೆ. ಎಳೆಯುವ ಕೆಲಸವನ್ನು ಹಿಂದಿನ ಚಕ್ರಕ್ಕೆ ಒಪ್ಪಿಸುತ್ತಾರಂತೆ. ಆಗ ಕಾರು ತನ್ನ ನಡುವನ್ನೇ ಹಿಡಿದುಕೊಂಡು ಸಲೀಸಾಗಿ ತಿರುಗುತ್ತದಂತೆ.

ಪರಮಶಿವಯ್ಯ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟು ಅಂಗಳಕ್ಕಿಳಿದ. ಓಮ್ನಿಯ ಬಾಗಿಲು ತೆಗೆದು ಮುಂದಿನ ಸೀಟು ಎತ್ತಿ ನೋಡಿದ. ಎಂಜಿನ್ ನಡುವೆ ಇತ್ತು. ಕೆಳಗೆ ಇತ್ತು. ಪೂರ್ತಿ ಮಲಗಿರಲಿಲ್ಲವಾದರೂ ಊಟವಾದ ಮೇಲಿನ ಯಜಮಾನರ ಭಂಗಿಯಲ್ಲಿ ಓರೆಯಾಗಿ ಒರಗಿಕೊಂಡಿತ್ತು. ಎಳೆಯುವ ಕೆಲಸ ಹಿಂದಿನ ಚಕ್ರದ್ದು ಎಂಬುದು ಅವನಿಗೆ ಮೊದಲಿಂದಲೂ ಗೊತ್ತಿದ್ದದ್ದೇ. ಅವನು ಬಹಳ ಹೊತ್ತು ಸೀಟು ಎತ್ತಿ ಹಿಡಿದುಕೊಂಡೇ ನಿಂತ.

"ಶಿವಾನಿ, ಆ ಕಾರಿಗೆ ಎಷ್ಟಂತೆ?"

"ನಾಲ್ಕು ಕೋಟಿ ಅಪ್ಪ."

"ನಮ್ಮದೂ ಅದೇ ಜಾತಿ ಮಾರಾಯ್ತಿ!"

ಇಲ್ಲೊಂದು ಹಳೆಯ ವಿಷಯ ಹೇಳದಿದ್ದರೆ ಪರಮಶಿವಯ್ಯನಿಗೆ ಅನ್ಯಾಯವಾಗುತ್ತದೆ. ಅವನಿಗೆ ಹತ್ತೊಂಬತ್ತು ವರ್ಷವಾಗಿದ್ದಾಗ ಕೊಪ್ಪದಿಂದ ಶೃಂಗೇರಿಯ ಕಡೆಗೆ ಒಂದು ಕಾರ್ ರ‍್ಯಾಲಿ ಹೋಗಿತ್ತು. ಮೆಣಸೆಯ ಈಚೆಗೆ ಹಲಸಿನ ಮರದ ಪಕ್ಕದಲ್ಲಿ ರಸ್ತೆ ಬಲಕ್ಕೆ ಗಕ್ಕನೆ ತಿರುಗುವ ಜಾಗದಲ್ಲಿ ದನ ಅಡ್ಡ ಬರದಂತೆ ನೋಡಿಕೊಳ್ಳಲು ಕೆಂಪು ಬಾವುಟ ಕೊಟ್ಟು ಅವನನ್ನು ನಿಲ್ಲಿಸಿದ್ದರು. ಮೂರು ಗಂಟೆ ಕಾದ ಮೇಲೆ ಒಂದು ನೀಲಿ ಕಾರು ಬಂತು. ಅದು ನಿಧಾನಿಸಲಿಲ್ಲ. ಬಾಲವನ್ನು ಒಂದೇ ಒಂದು ಗೇಣು ಹೊರಗೆ ಚಾಚಿತು, ಮತ್ತೆ ಒಳಗೆ ಎಳೆದುಕೊಂಡಿತು, ಹೋಯಿತು. ಪರಮಶಿವಯ್ಯನ ಅಂಗಿಗೆ ಕೆಸರು ಹಾರಿತು. ಆ ಅಂಗಿಯನ್ನು ಅವನು ನಾಲ್ಕು ವರ್ಷ ಒಗೆಯಲು ಕೊಡಲಿಲ್ಲ. ಮದುವೆಯಾಗಿ ಬಂದ ಶಂಕರಮ್ಮ ಅದನ್ನು ವಿಷಯ ತಿಳಿಯದೆ ಮಸಿಬಟ್ಟೆ ಮಾಡಿದಳು.

ಈಗ ಅವನಿಗೆ ಐವತ್ತೆರಡು. ಶೃಂಗೇರಿಗೆ ಬಾಡಿಗೆ ಹೋದಾಗೆಲ್ಲ ಆ ತಿರುವು ಬರುತ್ತಿತ್ತು. ಹಿಂದೆ ಕೂತವರು ವಾಂತಿ ಮಾಡಿಕೊಳ್ಳದಿರಲಿ ಎಂದು ಬ್ರೇಕ್ ಒತ್ತಿ, ಎರಡನೇ ಗೇರಿಗೆ ಇಳಿಸಿ, ಗಾಡಿಯನ್ನು ಆಚೀಚೆ ವಾಲಿಸಿಕೊಂಡು ದಾಟುತ್ತಿದ್ದ. ಪ್ರತಿ ಸಲವೂ ಎದೆಯಲ್ಲಿ ಏನೋ ಒಂದು ಹಿಂಡಿದಂತಾಗುತ್ತಿತ್ತು. ಒಂದು ಸಲ, ಒಂದೇ ಒಂದು ಸಲ, ಬ್ರೇಕ್ ಮುಟ್ಟದೆ, ವಾಲದೆ, ಆ ತಿರುವನ್ನು ಚಂದವಾಗಿ ತಿರುಗಬೇಕು. ಅವನಿಗೆ ಬದುಕಿನಲ್ಲಿ ಬೇರೆ ಆಸೆ ಇರಲಿಲ್ಲ ಎಂದಲ್ಲ, ಆದರೆ ಉಳಿದವು ಬಂದು ಹೋಗುತ್ತಿದ್ದವು, ಇದು ಹೋಗಲಿಲ್ಲ.

ಶಂಕರಮ್ಮನಿಗೂ ಒಂದು ಆಸೆ ಇತ್ತು. ಅದು ಇನ್ನೂ ಸಣ್ಣದು. ಆ ಓಮ್ನಿಯಲ್ಲಿ ನಡುವಿನ ಸೀಟು ಹಿಮ್ಮುಖ. ಅಲ್ಲಿ ಕೂತವರಿಗೆ ಹಿಂದಿನ ಗಾಜಿನಲ್ಲಿ ದಾಟಿ ಬಂದ ರಸ್ತೆ ಮಾತ್ರ ಕಾಣುತ್ತದೆ. ಇಪ್ಪತ್ತೊಂದು ವರ್ಷದಿಂದ ಶಂಕರಮ್ಮನ ಜಾಗ ಅದೇ. ಮುಂದಿನ ಸೀಟಿನಲ್ಲಿ ಮೊದಲು ಅವಳ ಅತ್ತೆ ಕೂತರು, ಅತ್ತೆ ತೀರಿಕೊಂಡ ಮೇಲೆ ಗಂಡನ ಅಕ್ಕ ದಾಕ್ಷಾಯಣಮ್ಮ ಕೂತರು, ಅವರಿಲ್ಲದ ದಿನ ಊರಿನ ಮಂಡಿನೋವಿನ ಶೇಷಪ್ಪ ಕೂತ, ಅವನೂ ಇಲ್ಲದ ದಿನ ಸೊಸೈಟಿಯ ಅಕ್ಕಿ ಚೀಲ ಕೂತಿತು. ಮೊದಲ ವರ್ಷ ಒಮ್ಮೆ ಅವಳು ಬಾಯಿ ಬಿಟ್ಟು ಕೇಳಿದ್ದಳು. "ಮುಂದಿನ ಸಲ" ಎಂದಿದ್ದ ಪರಮಶಿವಯ್ಯ. ಅದನ್ನು ಅವನು ಮರೆತಿದ್ದ. ಅವಳು ಮರೆತಿರಲಿಲ್ಲ.

ಆ ಭಾನುವಾರವೇ ಪರಮಶಿವಯ್ಯ ಅಡುಗೆಮನೆಯಲ್ಲಿ ಹೆಂಡತಿಗೆ ಪಾಠ ಶುರುಮಾಡಿದ. ಉದ್ದನೆಯ ಕೋಲಿನ ಎರಡು ತುದಿಗೂ ಒಂದೊಂದು ನೀರಿನ ಕೊಡ ಕಟ್ಟಿ ಹೆಗಲ ಮೇಲಿಟ್ಟುಕೊಂಡ. "ನೋಡು, ಭಾರ ಎರಡು ತುದಿಯಲ್ಲಿದೆ. ಈಗ ನಾನು ತಿರುಗ್ತೀನಿ" ಎಂದು ತಿರುಗಿದ. ಹಿಂದಿನ ಕೊಡ ಮಾವಿನ ಮಿಡಿಯ ಭರಣಿಯನ್ನು ಕೆಡವಿತು. ಗಾಬರಿಯಾಗಿ ನಿಲ್ಲಲು ನೋಡಿದ, ಕೊಡಗಳು ನಿಲ್ಲಲಿಲ್ಲ. ಮುಂದಿನದು ಮಜ್ಜಿಗೆ ಪಾತ್ರೆಯನ್ನೂ ಉರುಳಿಸಿತು.

"ನೋಡಿದ್ಯಾ! ತುದಿಯಲ್ಲಿ ಭಾರ ಇದ್ರೆ ತಿರುಗ್ಸೋದೂ ಕಷ್ಟ, ನಿಲ್ಸೋದೂ ಕಷ್ಟ" ಎಂದು ವಿಜಯದಿಂದ ಕೂಗಿದ. ಆಮೇಲೆ ಕೋಲು ಬಿಸಾಡಿ ಎರಡೂ ಕೊಡಗಳನ್ನು ಎದೆಗವಚಿಕೊಂಡು ಮಜ್ಜಿಗೆಯ ನಡುವೆಯೇ ಒಂದು ಸುತ್ತು ತಿರುಗಿದ. "ಈಗ? ಅದೇ ಭಾರ, ಎಷ್ಟು ಹಗುರ!"

ಶಂಕರಮ್ಮ ಒರೆಸುವ ಬಟ್ಟೆ ತಂದಳು. "ಕೊಡ ಸೊಂಟಕ್ಕೆ ಅವಚಿಕೊಂಡು ತಿರುಗೋದು ನಮಗೆ ಹುಟ್ಟಿದಾಗಿಂದ ಗೊತ್ತು. ಅದಕ್ಕೆ ನಾಲ್ಕು ಕೋಟಿ ಎಂತಕ್ಕೆ?"



ಮಾರನೇ ದಿನ ಪರಮಶಿವಯ್ಯ ಓಮ್ನಿಯ ಮೇಲಿನ ಕ್ಯಾರಿಯರ್ ಕಳಚಿ ಕೊಟ್ಟಿಗೆಗೆ ಹಾಕಿದ. ಭಾರ ಮೇಲಿದ್ದಷ್ಟೂ ಗಾಡಿ ತಿರುವಿನಲ್ಲಿ ವಾಲುತ್ತದೆ ಎಂದು ಆ ಯುವಕ ಹೇಳಿದ್ದನಲ್ಲ. ಇದರ ಮೊದಲ ಏಟು ಬಿದ್ದದ್ದು ಶೇಷಪ್ಪನಿಗೆ. ಶೇಷಪ್ಪ ನಿವೃತ್ತ ಬಸ್ ಕಂಡಕ್ಟರ್. ಯಾವ ವಾಹನದಲ್ಲಿ ಕೂತರೂ ಅದರ ಆಡಳಿತವನ್ನು ತಾನೇ ವಹಿಸಿಕೊಳ್ಳುವುದು ಅವನ ಅಭ್ಯಾಸ. ಅವತ್ತು ಮಗಳ ಮನೆಗೆಂದು ದೊಡ್ಡದೊಂದು ಹಲಸಿನಹಣ್ಣು ತಂದಿದ್ದ.

"ಇದನ್ನ ಎಲ್ಲಿಡ್ಲಿ ಮಾರಾಯ?"

"ಕಾಲ ಬುಡದಲ್ಲಿ ಅಣ್ಣ. ಭಾರ ಕೆಳಗಿರ್ಬೇಕು."

"ಕಾಲನ್ನ?"

"ಹಣ್ಣಿನ ಮೇಲೆ ಇಡಿ."

ಶೇಷಪ್ಪ ಕೊಪ್ಪದವರೆಗೂ ಸಿಂಹಾಸನವೇರಿದ ರಾಜನ ಹಾಗೆ ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕೂತು ಹೋದ. ಮಂಡಿನೋವಿಗೆ ಅದು ಒಳ್ಳೆಯದಲ್ಲವೆಂದು ಡಾಕ್ಟರು ಆಮೇಲೆ ಹೇಳಿದರು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಎಂಜಿನ್ನಿನ ಭಾರವನ್ನು ಕಂಪನಿಯವರು ಎಷ್ಟೇ ಚಂದ ಇಟ್ಟಿರಲಿ, ಅದರ ಮೇಲೆ ಕೂರುವ ಜನ ಅಡ್ಡಾದಿಡ್ಡಿ ಕೂತರೆ ಏನು ಬಂತು? ಪರಮಶಿವಯ್ಯ ಪ್ರಯಾಣಿಕರನ್ನು ತೂಗಲು ನಿಶ್ಚಯಿಸಿದ. ನರಸಿಂಹರಾಜಪುರದಲ್ಲಿ ಬಸವೇಶನ ಅಡಿಕೆ ಮತ್ತು ಕಾಳುಮೆಣಸಿನ ಅಂಗಡಿ ಇತ್ತು, ಅಂಗಡಿಯ ಮುಂದೆ ಚೀಲ ತೂಗುವ ಯಂತ್ರ ಇತ್ತು. ದಿನವೂ ಓಮ್ನಿ ಅಲ್ಲಿ ನಿಲ್ಲತೊಡಗಿತು. ಜನ ಒಬ್ಬೊಬ್ಬರಾಗಿ ಯಂತ್ರ ಹತ್ತಿ ಇಳಿದರು. ಪರಮಶಿವಯ್ಯ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಶೇಷಪ್ಪ ಅರವತ್ತಾರು. ಕಾಫಿ ತೋಟದ ಕೆಲಸಕ್ಕೆ ಹೋಗುವ ಹೊನ್ನಕ್ಕ ನಲವತ್ತೊಂದು. ಮಗಳು ಶಿವಾನಿ ನಲವತ್ತೆಂಟು. ತಾನು ಐವತ್ತೆಂಟು. ದಾಕ್ಷಾಯಣಮ್ಮ ಎಂಬತ್ನಾಲ್ಕು. ಅಕ್ಕನ ತೂಕದಲ್ಲಿ ತಪ್ಪಿದರೆ ಇಡೀ ಲೆಕ್ಕ ಕೆಡುತ್ತದೆ ಎಂದು ಅವರನ್ನು ಮಾತ್ರ ಮೂರು ಸಲ ತೂಗಿದ.

ಹೆಂಡತಿಯನ್ನು ತೂಗಲಿಲ್ಲ. ಮನೆಯವಳೇ ಅಲ್ಲವೆ, ಗೊತ್ತಿರದೆ ಏನು ಎಂದು ಅವಳ ಹೆಸರಿನ ಮುಂದೆ "ಅಂದಾಜು ಐವತ್ತು" ಎಂದು ಬರೆದ. ಅಂಗಿ ಒಗೆಯಲು ಹಾಕುವಾಗ ಜೇಬಿನಿಂದ ನೋಟ್‌ಬುಕ್ ತೆಗೆದಿಟ್ಟ ಶಂಕರಮ್ಮ ಆ ಪುಟ ನೋಡಿದಳು. ನೋಟ್‌ಬುಕ್ ಮುಚ್ಚಿ ಅಂಗಿ ನೆನೆಹಾಕಿದಳು.

ಇಷ್ಟೆಲ್ಲ ಮಾಡುತ್ತಿದ್ದುದು ಯಾಕೆ ಎಂದು ಪರಮಶಿವಯ್ಯ ಯಾರಿಗೂ ಹೇಳಲಿಲ್ಲ. ಐವತ್ತೆರಡರ ವಯಸ್ಸಿನಲ್ಲಿ, ಮದುವೆ ವಯಸ್ಸಿನ ಮಗಳನ್ನು ಇಟ್ಟುಕೊಂಡು, ನಂಗೊಂದು ತಿರುವು ತಿರುಗ್ಬೇಕು ಎಂದು ಹೇಳಲು ನಾಲಿಗೆ ಬರಬೇಕಲ್ಲ. ಶೇಷಪ್ಪ ಬಿಡುವವನಲ್ಲ.

"ಎಂತಕ್ಕೆ ಹಿಂಗೆ ಎಲ್ರನ್ನೂ ತೂಗ್ತಿ ಪರಮಶಿವ?"

"ಎರಡೂ ಕಡೆ ಸಮ ಆಗ್ಬೇಕು ಅಣ್ಣ. ಒಂದು ಕೆಜಿನೂ ಆಚೀಚೆ ಆಗ್ಬಾರ್ದು."

"ಅಕ್ಕನ್ನ ಮಾತ್ರ ಮೂರು ಸಲ ತೂಗಿದ್ಯಲ್ಲ?"

"ಅವಳದ್ದೇ ಮುಖ್ಯ."

"ಎಲ್ಲಿ ಮಾಡೋದು ಇದೆಲ್ಲ?"

"ಮೆಣಸೆ ಹತ್ರ. ಬಹಳ ವರ್ಷದ ಆಸೆ ಅಣ್ಣ, ಒಂದ್ಸಲ ತೀರಿಸ್ಕೋಬೇಕು" ಎಂದ ಪರಮಶಿವಯ್ಯ. ಅವನ ಕಣ್ಣು ಒದ್ದೆಯಾಗಿತ್ತು.

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ಮೆಣಸೆಯ ಆಚೆಗೆ ಒಂದು ಈಶ್ವರನ ಗುಡಿ ಇತ್ತು. ಆ ಗುಡಿಯಲ್ಲಿ ತುಲಾಭಾರ ಸೇವೆ ಪ್ರಸಿದ್ಧವಾಗಿತ್ತು. ತಕ್ಕಡಿಯ ಒಂದು ತಟ್ಟೆಯಲ್ಲಿ ಮನುಷ್ಯ, ಇನ್ನೊಂದರಲ್ಲಿ ಬೆಲ್ಲವೋ ಬಾಳೆಹಣ್ಣೋ, ಎರಡೂ ಸಮ. ಶೇಷಪ್ಪ ಅವತ್ತು ಕೊಪ್ಪದಲ್ಲಿ ಇಳಿಯುವ ಹೊತ್ತಿಗೆ ವಿಷಯ ಅವನಿಗೆ ಬಿಸಿಲಿನಷ್ಟು ಸ್ಪಷ್ಟವಾಗಿತ್ತು: ಪರಮಶಿವಯ್ಯ ಅಕ್ಕನಿಗೆ ತುಲಾಭಾರ ಹರಕೆ ಹೊತ್ತಿದ್ದಾನೆ, ಯಾರಿಗೂ ಹೇಳದೆ ತಯಾರಿ ನಡೆಸಿದ್ದಾನೆ. ಯಾರಿಗೂ ಹೇಳಬಾರದ ವಿಷಯವಾದ್ದರಿಂದ ಶೇಷಪ್ಪ ಸಂಜೆಯೊಳಗೆ ನಲವತ್ತು ಜನರಿಗೆ ಮಾತ್ರ ಹೇಳಿದ.

ಹೊನ್ನಕ್ಕ ಕೆಲಸದ ಜಾಗದಲ್ಲೇ ತಕರಾರು ತೆಗೆದಳು. "ನನ್ನನ್ನೂ ಅದೇ ಮಿಷನ್ ಮೇಲೆ ಹತ್ಸಿ ಬರ್ಕೊಂಡಿದ್ದ. ನಂಗ್ಯಾಕೆ ಇಲ್ಲ? ನಲವತ್ತೊಂದೇ ಕೆಜಿ, ಖರ್ಚೂ ಕಡಿಮೆ!"

ದಾಕ್ಷಾಯಣಮ್ಮ ಮೂರನೇ ದಿನ ಬೆಳಿಗ್ಗೆ ಸೀತೂರಿಗೇ ಬಂದರು. ಅವರು ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಾಯಿಯ ಜೊತೆ ನಿಂತು ತಮ್ಮನನ್ನು ಸಾಕಿ ಬೆಳೆಸಿದವರು. ಜೋರು ಬಾಯಿ. ಅವರು ಅತ್ತದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಅವತ್ತು ಜಗಲಿಯ ಮೇಲೆ ಕೂತವರೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

"ಅಲ್ಲ ಪರಮು, ನಂಗೆ ಅರವತ್ತು ತುಂಬಿದಾಗ ಒಬ್ರೂ ಒಂದು ಹೂವಿನ ಹಾರ ಹಾಕ್ಲಿಲ್ಲ. ನಾನೂ ಬಾಯಿ ಬಿಡ್ಲಿಲ್ಲ. ಒಂದ್ಸಲ ನಾಲ್ಕು ಜನರ ಎದ್ರಿಗೆ ತಟ್ಟೇಲಿ ಕೂರ್ಬೇಕು ಅಂತ ಮನಸ್ಸಲ್ಲೇ ಇತ್ತು ಕಣೋ. ನಿಂಗೆ ಹೆಂಗೆ ಗೊತ್ತಾಯ್ತು?"

ಪರಮಶಿವಯ್ಯ ಬಾಯಿ ತೆರೆದ. "ಅಕ್ಕ, ಅದು ಹಂಗಲ್ಲ..."

"ಹಂಗಲ್ಲ ಅಂದ್ರೆ? ಬಾಳೆಹಣ್ಣಲ್ವಾ?"

ಅವನು ಅಕ್ಕನ ಮುಖ ನೋಡಿದ. ಬಾಯಿ ಮುಚ್ಚಿದ. ಒಳಗಿನಿಂದ ಶಂಕರಮ್ಮ ಹೇಳಿದಳು: "ಜೋನಿ ಬೆಲ್ಲ ಅತ್ತಿಗೆ. ನಮ್ಮನೆ ಆಲೆಮನೆದೇ ಇದೆ, ಮೂರೂವರೆ ಡಬ್ಬ."

ಹೀಗೆ ಜೇನಿನಂತೆ ಹರಿಯುವ ಜೋನಿ ಬೆಲ್ಲದಲ್ಲಿ ತುಲಾಭಾರ ನಿಶ್ಚಯವಾಯಿತು. ಮುಂದಿನ ಹತ್ತು ದಿನ ದಾಕ್ಷಾಯಣಮ್ಮ ಬಂಧುಗಳ ಮನೆಗಳಿಗೆ ಕರೆಯಲು ಹೋದರು. ಹೋದಲ್ಲೆಲ್ಲ ಅವರನ್ನು ಕೂರಿಸಿ ಹೋಳಿಗೆ, ಕಡುಬು, ಪಾಯಸ ಬಡಿಸಿದರು. ತುಲಾಭಾರಕ್ಕೆ ಕೂರುವವರನ್ನು ಬರೀ ಕಾಫಿ ಕೊಟ್ಟು ಕಳಿಸಲಾಗುತ್ತದೆಯೆ? ಪರಮಶಿವಯ್ಯ ಮಾತ್ರ ಒಂದು ಸಮಾಧಾನ ಕಂಡುಕೊಂಡ. ಗುಡಿಗೆ ಹೋಗಬೇಕಾದರೆ ಹಲಸಿನ ಮರದ ತಿರುವು ದಾಟಲೇಬೇಕು. ಅಕ್ಕನ ತೂಕ, ಅದಕ್ಕೆ ಸರಿಯಾದ ಬೆಲ್ಲದ ತೂಕ, ಎರಡೂ ಒಂದೇ ಗಾಡಿಯಲ್ಲಿ! ಇಂಥ ಸಮತೂಕ ನಾಲ್ಕು ಕೋಟಿ ಕೊಟ್ಟರೂ ಸಿಗುವುದಿಲ್ಲ.

ಆ ದಿನ ಬೆಳಿಗ್ಗೆ ಅವನು ನೋಟ್‌ಬುಕ್ ಹಿಡಿದು ಎಲ್ಲರನ್ನೂ ತಾನೇ ಕೂರಿಸಿದ. ಎಡಗಡೆ ಮುಂದೆ ದಾಕ್ಷಾಯಣಮ್ಮ, ನಡುವೆ ಶಿವಾನಿ, ಹಿಂದೆ ಶೇಷಪ್ಪ: ನೂರ ತೊಂಬತ್ತೆಂಟು. ಬಲಗಡೆ ತಾನು, ಬೆನ್ನ ಹಿಂದೆ ಹಿಮ್ಮುಖದ ಸೀಟಿನಲ್ಲಿ ಶಂಕರಮ್ಮ, ಅವಳ ಕಾಲ ಬಳಿ ಎಂಬತ್ನಾಲ್ಕು ಕೆಜಿ ಜೋನಿ ಬೆಲ್ಲ: ನೂರ ತೊಂಬತ್ತೆರಡು. ಆರು ಕೆಜಿ ಸಾಲಲಿಲ್ಲ. ಗುಡಿಗೆ ಒಯ್ಯುವ ಆರು ಕೆಜಿ ಅಕ್ಕಿಯನ್ನು ಬಲಕ್ಕೆ ಇಟ್ಟ. ಸಮ.

"ಡಬ್ಬ ಕಟ್ಟೋದು ಬೇಡ್ವಾ?" ಎಂದು ಕೇಳಿದಳು ಶಂಕರಮ್ಮ.

"ಲೆಕ್ಕ ಸಮ ಇದೆ. ಸಮ ಇದ್ದದ್ದು ಎಲ್ಲಿಗೂ ಹೋಗಲ್ಲ" ಎಂದ ಪರಮಶಿವಯ್ಯ.

ಕೊಪ್ಪ ದಾಟಿತು. ಗಾಡಿ ನಿಜವಾಗಿಯೂ ಚಂದ ಹೋಗುತ್ತಿತ್ತು. ಮೆಣಸೆ ಹತ್ತಿರವಾಯಿತು. ದೂರದಲ್ಲಿ ಹಲಸಿನ ಮರ ಕಂಡಿತು. ಅವನು ಬ್ರೇಕ್ ಮೇಲಿನ ಕಾಲು ತೆಗೆದ.

"ಪರಮು, ನಿಧಾನ" ಎಂದರು ದಾಕ್ಷಾಯಣಮ್ಮ.

"ಎಂತ ಆಗಲ್ಲ ಅಕ್ಕ. ಎಂಜಿನ್ ನಡೂಕೆ ಇದೆ."

ಮೂವತ್ತೆಂಟರ ವೇಗದಲ್ಲಿ ಅವನು ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದ. ಮೊದಲ ಅರ್ಧ ತಿರುವು ಅದ್ಭುತವಾಗಿತ್ತು ಎಂದು ಇವತ್ತಿಗೂ ಹೇಳುತ್ತಾನೆ. ಉಳಿದ ಅರ್ಧದಲ್ಲಿ, ಬಲಗಡೆ ಇದ್ದ ಬೆಲ್ಲದ ಡಬ್ಬಗಳು ಒಂದರ ಹಿಂದೆ ಒಂದು ಎಡಕ್ಕೆ ಜಾರಿದವು. ಎಡಕ್ಕೆ ಆಗಲೇ ದಾಕ್ಷಾಯಣಮ್ಮ ಇದ್ದರು. ಓಮ್ನಿ ಒಮ್ಮೆ ಆಲೋಚಿಸಿತು. ಆಮೇಲೆ ಮುಂದಿನ ಎಡ ಚಕ್ರವನ್ನು ರಸ್ತೆ ಬದಿಯ ಚರಂಡಿಗೆ ಇಳಿಸಿ, ಗೊರ್ ಎಂದು ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಅರ್ಧ ತುಂಬಿದ್ದ ಡಬ್ಬ ಹಿಂದಿನ ಸೀಟಿನ ಮೇಲೆ ಮಗುಚಿ, ಜೋನಿ ಬೆಲ್ಲ ಯಾವ ಅವಸರವೂ ಇಲ್ಲದೆ, ಮಲೆನಾಡಿನ ಸ್ವಭಾವಕ್ಕೆ ತಕ್ಕಂತೆ, ಶೇಷಪ್ಪನ ಕಡೆಗೆ ಹೊರಟಿತು. ಮಂಡಿನೋವಿನಿಂದ ಅವನು ಬೇಗ ಏಳಲಾರದೆ ಹೋದ. ಬೆಲ್ಲ ಅವನ ಪಂಚೆಯನ್ನು ತಲುಪಿತು.

"ಮಾರಾಯ, ನಾನು ಸೀಟಿಗೆ ಅಂಟ್ಕೊಂಡಿದ್ದೀನಿ!" ಎಂದು ಅವನು ಕೂಗಿದ. ಮೂವತ್ತು ವರ್ಷದ ಸರ್ವೀಸಿನಲ್ಲಿ ಹೀಗೆ ಎಂದೂ ಆಗಿರಲಿಲ್ಲವಂತೆ.

ಅಷ್ಟು ಹೊತ್ತಿಗೆ ಕಾನ್‌ಸ್ಟೇಬಲ್ ಸತೀಶ ಬೈಕಿನಲ್ಲಿ ಬಂದ. ಚರಂಡಿ ನೋಡಿದ, ಗಾಡಿ ನೋಡಿದ, ಜೇಬಿನಿಂದ ಪೆನ್ನು ತೆಗೆದ.

"ಹೆಂಗಾಯ್ತು?"

"ಎರಡೂ ಕಡೆ ಸಮ ಇತ್ತು ಸರ್. ಎಡಕ್ಕೆ ನೂರ ತೊಂಬತ್ತೆಂಟು, ಬಲಕ್ಕೆ ನೂರ ತೊಂಬತ್ತೆಂಟು" ಎಂದು ಪರಮಶಿವಯ್ಯ ನೋಟ್‌ಬುಕ್ ತೋರಿಸಿದ.

"ಸಮ ಇದ್ದ ಗಾಡಿ ಚರಂಡಿಯಲ್ಲಿ ಯಾಕಿದೆ?"

"ಅದೇ ಗೊತ್ತಾಗ್ತಿಲ್ಲ ಸರ್."

"ಡಬ್ಬ ಕಟ್ಟಿದ್ರಾ?"

ಪರಮಶಿವಯ್ಯ ಹಿಂದಕ್ಕೆ ತಿರುಗಿ ಶಂಕರಮ್ಮನನ್ನು ನೋಡಿದ. ಅವಳು ಸೀರೆಯ ಅಂಚು ಎತ್ತಿ ಹಿಡಿದು ಹಲಸಿನ ಮರದ ಕಡೆ ನೋಡುತ್ತಿದ್ದಳು. "ಇಲ್ಲ ಸರ್" ಎಂದ.

"ನಿಂತ ಗಾಡಿಗೆ ಲೆಕ್ಕ ಹಾಕಿದ್ದೀರಿ. ಓಡೋ ಗಾಡಿಗೆ ಹಾಕಿಲ್ಲ" ಎಂದು ಸತೀಶ ಪೆನ್ನು ಜೇಬಿಗೆ ಹಾಕಿದ. ತುಲಾಭಾರಕ್ಕೆ ಹೊರಟವರ ಮೇಲೆ ಕೇಸು ಬರೆಯಲು ಅವನಿಗೂ ಮನಸ್ಸಾಗಲಿಲ್ಲ. ಹತ್ತಿರದ ತೋಟದಲ್ಲಿ ಕೆಲಸ ಮಾಡುತ್ತಿದ್ದ ಚೋಮ ಮತ್ತು ಅವನ ಜೊತೆಯ ಐದು ಜನ ಬಂದು, ಒಂದು, ಎರಡು, ಮೂರು ಎಂದು ಓಮ್ನಿಯನ್ನು ಎತ್ತಿ ರಸ್ತೆಗೆ ಇಟ್ಟರು.

"ಇಷ್ಟು ಹಗುರದ ಗಾಡಿ ಇಟ್ಕೊಂಡು ಇಷ್ಟು ದೊಡ್ಡ ಕೆಲಸ ಮಾಡ್ತೀರಲ್ಲ ಅಯ್ಯ" ಎಂದ ಚೋಮ. ಹೊಗಳಿದನೋ ಬೈದನೋ ತಿಳಿಯಲಿಲ್ಲ.

ಗುಡಿಯಲ್ಲಿ ಬಂಧುಬಳಗ ಎಲ್ಲ ನೆರೆದಿತ್ತು. ದಾಕ್ಷಾಯಣಮ್ಮ ಹಾರ ಹಾಕಿಕೊಂಡು ತಟ್ಟೆಯಲ್ಲಿ ಕೂತರು. ಆ ಕಡೆ ಮೂರು ಡಬ್ಬ ಬೆಲ್ಲ ಇಟ್ಟರು. ತಕ್ಕಡಿ ಅಲುಗಲಿಲ್ಲ. ಅರ್ಧ ಡಬ್ಬ ಗಾಡಿಯಲ್ಲಿ ಹರಿದಿತ್ತು, ಅದರ ಮೇಲೆ ಹತ್ತು ದಿನದ ಹೋಳಿಗೆ ಬೇರೆ. ಆರು ಕೆಜಿ ಅಕ್ಕಿ ಇಟ್ಟರೂ ಸಾಲಲಿಲ್ಲ.

"ಗಾಡೀದು ಸ್ಟೆಪ್ನಿ ತರ್ಲಾ? ಸರಿಯಾಗಿ ಬರ್ಬಹುದು" ಎಂದ ಶೇಷಪ್ಪ. ಅವನು ಚೋಮನ ಟವೆಲ್ ಸುತ್ತಿಕೊಂಡಿದ್ದ.

"ಸ್ಟೆಪ್ನಿ ತಗೊಂಡು ದೇವರು ಎಂತ ಮಾಡ್ತಾನೆ ಮಾರಾಯ?" ಎಂದರು ಪೂಜೆಯ ಅಯ್ಯನವರು.

ಕೊನೆಗೆ ಬಂದಿದ್ದ ಬಂಧುಗಳೇ ಹಣ್ಣುಕಾಯಿಗೆಂದು ತಂದಿದ್ದ ತೆಂಗಿನಕಾಯಿಗಳನ್ನು ಒಬ್ಬೊಬ್ಬರಾಗಿ ತಟ್ಟೆಗೆ ಹಾಕಿದರು. ಹದಿನೈದನೆಯ ಕಾಯಿಗೆ ದಾಕ್ಷಾಯಣಮ್ಮನ ತಟ್ಟೆ ನೆಲ ಬಿಟ್ಟಿತು. ಗಂಟೆ ಮೊಳಗಿತು. ಅವರು ಗಾಳಿಯಲ್ಲಿ ಸಣ್ಣಗೆ ತೂಗುತ್ತಾ, ಸಣ್ಣ ಹುಡುಗಿಯ ಹಾಗೆ ಎಲ್ಲರನ್ನೂ ನೋಡಿ ನಕ್ಕರು. ಅಷ್ಟು ಹೊತ್ತು ಮುಖ ಕೆಳಗೆ ಹಾಕಿ ನಿಂತಿದ್ದ ಪರಮಶಿವಯ್ಯನಿಗೂ, ಚರಂಡಿಗೆ ಬಿದ್ದರೂ ಚಿಂತೆಯಿಲ್ಲ, ಇದೊಂದು ಆಯಿತಲ್ಲ ಎನ್ನಿಸಿತು.

ಊಟ ಮುಗಿಯಿತು. ದಾಕ್ಷಾಯಣಮ್ಮ ಮೆಣಸೆಯ ನೆಂಟರ ಮನೆಯಲ್ಲಿ ಎರಡು ದಿನ ಉಳಿಯುತ್ತೇನೆಂದರು. ಶಿವಾನಿಯೂ ಅತ್ತೆಯ ಜೊತೆ ಉಳಿದಳು. ಶೇಷಪ್ಪ ಬಸ್ಸಿನಲ್ಲೇ ಬರುತ್ತೇನೆಂದು ಮುಖ ತಿರುಗಿಸಿ ಹೋದ. ನಾಲ್ಕು ಗಂಟೆಯ ಹೊತ್ತಿಗೆ ಗುಡಿಯ ಅಂಗಳದಲ್ಲಿ ಉಳಿದದ್ದು ಗಂಡ ಹೆಂಡತಿ, ಇನ್ನೂ ತೊಲೆಗೆ ನೇತಾಡುತ್ತಿದ್ದ ತಕ್ಕಡಿ.

"ರೀ, ನಾನೂ ಒಂದ್ಸಲ ಕೂತು ನೋಡ್ಲಾ?" ಎಂದಳು ಶಂಕರಮ್ಮ.

ಪರಮಶಿವಯ್ಯ ಸುತ್ತ ನೋಡಿದ. ಯಾರೂ ಇರಲಿಲ್ಲ. ಅವಳು ಸೆರಗು ಸಿಕ್ಕಿಸಿಕೊಂಡು ಕೂತಳು. ಆ ಕಡೆಗೆ ಇಡಲು ಬೆಲ್ಲವೂ ಉಳಿದಿರಲಿಲ್ಲ, ಕಾಯಿಯೂ ಉಳಿದಿರಲಿಲ್ಲ. ಅವನೇ ಹೋಗಿ ಇನ್ನೊಂದು ತಟ್ಟೆಯಲ್ಲಿ ಕೂತ. ತಕ್ಕಡಿ ಒಮ್ಮೆ ಈಚೆ ಬಂತು, ಒಮ್ಮೆ ಆಚೆ ಹೋಯಿತು, ಕಿರ್ ಎಂದಿತು. ಆಮೇಲೆ ಇಬ್ಬರ ಕಾಲೂ ನೆಲದಿಂದ ಒಂದೇ ಎತ್ತರದಲ್ಲಿ ನಿಂತವು. ಇಬ್ಬರೂ ಎದುರುಬದುರಾಗಿ, ಅಲುಗದೆ, ಒಬ್ಬರನ್ನೊಬ್ಬರು ನೋಡುತ್ತಾ ಕೂತರು. ಬಹಳ ದಿನಗಳಿಂದ ಹಾಗೆ ನೋಡಿರಲಿಲ್ಲ.

"ನಂದು ಐವತ್ತೆಂಟು" ಎಂದ ಪರಮಶಿವಯ್ಯ ನಿಧಾನವಾಗಿ. "ಹಂಗಾರೆ ನಿಂದೂ ಐವತ್ತೆಂಟೇ."

"ಅಂದಾಜು ಐವತ್ತು ಅಂತ ಬರ್ದಿದ್ರಲ್ಲ."

"ನೋಡಿದ್ಯಾ?"

"ನೋಡಿದ್ದೆ." ಅವಳು ತಟ್ಟೆಯ ಸರಪಳಿ ಹಿಡಿದುಕೊಂಡಳು. "ಎಂಟು ಕೆಜಿ ನಿಮ್ಮ ಲೆಕ್ಕದಲ್ಲೇ ಇರ್ಲಿಲ್ಲ. ಗಾಡಿ ಚರಂಡಿಗೆ ಹೋಗಿದ್ದು ನನ್ನಿಂದ್ಲೇ ಅನ್ನಿ."

"ನಿನ್ನಿಂದ ಅಲ್ಲ ಮಾರಾಯ್ತಿ" ಎಂದ ಅವನು.  ನೋಟ್‌ಬುಕ್ ತೆಗೆದು, ಹಳೆಯದನ್ನು ಹೊಡೆದು ಹಾಕಿ, ಸರಿಯಾದ ತೂಕ ಬರೆದ. ತನ್ನದಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆದ.

ಓಮ್ನಿಯ ಹತ್ತಿರ ಬಂದಾಗ ಶಂಕರಮ್ಮ ಅಭ್ಯಾಸದಂತೆ ಪಕ್ಕದ ಬಾಗಿಲು ಜಾರಿಸಿದಳು.

"ಅಲ್ಲಿ ಬೇಡ. ಬೆಲ್ಲ ಅಂಟಿದೆ. ಮುಂದೆ ಬಾ."

ಅವಳು ಹಿಂದೆ ಮುಂದೆ ನೋಡಿದಳು, ಮುಂದಿನ ಸೀಟಿಗೆ ಯಾರಾದರೂ ಬರುವವರಿದ್ದಾರೇನೋ ಎಂಬಂತೆ. ಯಾರೂ ಇರಲಿಲ್ಲ. ಹತ್ತಿ ಕೂತಳು. ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬೆನ್ನು ಒರಗಿಸದೆ ನೆಟ್ಟಗೆ ಕೂತಳು. ಸೀಟಿನ ಕೆಳಗೆ ಎಂಜಿನ್ ಗುರುಗುಟ್ಟಿದಾಗ, "ಬೆಚ್ಚಗಿದೆಯಲ್ಲ!" ಎಂದಳು.

ಹಲಸಿನ ಮರ ಬಂತು. ಗಾಡಿಯಲ್ಲಿ ಭಾರ ಅಂತ ಇದ್ದದ್ದು ಅವರಿಬ್ಬರೇ. ಎಡಕ್ಕೆ ಐವತ್ತೆಂಟು, ಬಲಕ್ಕೆ ಐವತ್ತೆಂಟು, ಮೇಲೆ ಏನೂ ಇಲ್ಲ, ನಡುವೆ ಎಂಜಿನ್. ಮೂವತ್ತಮೂರು ವರ್ಷ ಕಾದ ಘಳಿಗೆ. ಪರಮಶಿವಯ್ಯ ಆಕ್ಸಿಲರೇಟರ್ ಮೇಲೆ ಕಾಲಿಟ್ಟ.

"ನಿಧಾನ ಹೋಗಿ" ಎಂದಳು ಶಂಕರಮ್ಮ. "ನಾನಿನ್ನೂ ನೋಡ್ತಿದ್ದೀನಿ."

ಅವನು ಕಾಲು ಸಡಿಲಿಸಿದ. ಇಪ್ಪತ್ತೈದರಲ್ಲಿ, ಬ್ರೇಕ್ ಮುಟ್ಟದೆ, ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೆ ಒಯ್ದ. ಓಮ್ನಿ ವಾಲಲಿಲ್ಲ, ಮೂತಿ ಹಟ ಮಾಡಲಿಲ್ಲ, ಬಾಲ ಬೀಸಲಿಲ್ಲ. ಸುಮ್ಮನೆ ತಿರುಗಿತು. ನೀಲಿ ಕಾರಿನ ವೇಗವೂ ಇರಲಿಲ್ಲ, ಸದ್ದೂ ಇರಲಿಲ್ಲ. ಆದರೂ ಅವನ ಎದೆಯಲ್ಲಿ ಅಷ್ಟು ವರ್ಷ ಹಿಂಡುತ್ತಿದ್ದದ್ದು ಬಿಟ್ಟುಕೊಂಡಿತು.

ಶಂಕರಮ್ಮ ಗಾಜಿಗೆ ಹತ್ತಿರ ಬಾಗಿದ್ದಳು. "ಮರ ಎದುರಿಗೆ ಬರೋದು ಹಿಂಗನ? ಇಷ್ಟು ವರ್ಷ ಅದು ಹೋಗೋದನ್ನೇ ನೋಡಿದ್ದೆ." ಸ್ವಲ್ಪ ದೂರ ಹೋದ ಮೇಲೆ ಅವನ ಕಡೆ ತಿರುಗಿದಳು. "ರೀ, ವಾಪಸ್ ತಿರುಗ್ಸಿ. ಇನ್ನೊಂದ್ಸಲ."

ಪರಮಶಿವಯ್ಯ ತಿರುಗಿಸಿದ. ಮತ್ತೊಮ್ಮೆ ತಿರುಗಿಸಿದ. ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದ ಕಾನ್‌ಸ್ಟೇಬಲ್ ಸತೀಶ, ಬೆಳಿಗ್ಗೆ ಚರಂಡಿಯಲ್ಲಿ ಕಂಡ ಓಮ್ನಿ ಅದೇ ತಿರುವಿನಲ್ಲಿ ಐದನೇ ಸಲ ಹೋಗಿ ಬರುವುದನ್ನು ನೋಡಿ ಬೈಕ್ ನಿಲ್ಲಿಸಿ ಕೈ ಅಡ್ಡ ಹಿಡಿದ.

"ಮತ್ತೆ ಎಂತ ಆಯ್ತು? ದಾರಿ ತಪ್ಪಿತಾ?"

ಪರಮಶಿವಯ್ಯ ಗಾಡಿ ನಿಲ್ಲಿಸಿದ. ಅಷ್ಟರಲ್ಲಿ ಮುಂದಿನ ಸೀಟಿನ ಕಿಟಕಿಯ ಗಾಜು ಇಳಿಯಿತು. ಶಂಕರಮ್ಮ ತಲೆ ಹೊರಗೆ ಹಾಕಿದಳು.

"ಇಲ್ಲ ಸರ್. ಬೆಳಿಗ್ಗೆ ಒಂದು ಲೆಕ್ಕ ತಪ್ಪಿತ್ತು, ಸರಿ ಮಾಡ್ತಿದ್ದೀವಿ."